ನಿಸ್ತಂತು ಜಾಲ ಭದ್ರತೆ

ನಿಸ್ತಂತು ಜಾಲ ಭದ್ರತೆ ಎಂದರೆ ತಂತಿಯ ನೆರವಿಲ್ಲದೆ ರೇಡಿಯೋ ತರಂಗಗಳ ಮೂಲಕ ನಡೆಯುವ ಗಣಕ ಸಂವಹನವನ್ನು ಅನ್ಯರ ಕದ್ದಾಲಿಕೆಯಿಂದಲೂ ಅನಧಿಕೃತ ಬಳಕೆಯಿಂದಲೂ ರಕ್ಷಿಸುವ ವ್ಯವಸ್ಥೆ. ಮನೆ, ಕಚೇರಿ, ರೈಲು ನಿಲ್ದಾಣಗಳಲ್ಲಿ ಬಳಕೆಯಲ್ಲಿರುವ ವೈ-ಫೈ ಇಂತಹ ಜಾಲಗಳಲ್ಲಿ ಅತ್ಯಂತ ಪರಿಚಿತವಾದುದು. ತಂತಿಯಲ್ಲಿ ಸಾಗುವ ಮಾಹಿತಿಯನ್ನು ಕದಿಯಲು ಸಾಮಾನ್ಯವಾಗಿ ಆ ತಂತಿಯ ಬಳಿಗೇ ಹೋಗಬೇಕು. ರೇಡಿಯೋ ತರಂಗಗಳಾದರೋ ಗೋಡೆ, ಕಿಟಕಿ, ಆವರಣಗಳನ್ನು ದಾಟಿ ಬೀದಿಗೂ ಹರಿಯುತ್ತವೆ. ಅವನ್ನು ಪೂರ್ತಿಯಾಗಿ ಮನೆಯೊಳಗೇ ಹಿಡಿದಿಡುವುದು ವ್ಯವಹಾರದಲ್ಲಿ ಸಾಧ್ಯವಿಲ್ಲವಾದ್ದರಿಂದ, ಅವು ಹೊತ್ತ ಮಾಹಿತಿಯ ಅರ್ಥವನ್ನು ಮರೆಮಾಡುವುದೇ ಈ ಭದ್ರತೆಯ ಮೂಲತತ್ತ್ವ.

ಪೂರ್ವೇತಿಹಾಸ

ಈ ಸಮಸ್ಯೆ ಗಣಕಯಂತ್ರಕ್ಕಿಂತ ಹಳೆಯದು. ತನ್ನ ನಿಸ್ತಂತು ತಂತ್ರದಲ್ಲಿ ಸಂದೇಶಗಳನ್ನು ಗುಟ್ಟಾಗಿ ಕಳುಹಿಸಬಹುದೆಂದು ಗುಗ್ಲಿಯೆಲ್ಮೊ ಮಾರ್ಕೋನಿ ಹೇಳಿಕೊಂಡಿದ್ದನು. 1903ರ ಜೂನ್‌ನಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಜಾನ್ ಆಂಬ್ರೋಸ್ ಫ್ಲೆಮಿಂಗ್ ನೀಡಿದ ಉಪನ್ಯಾಸದ ಸಂದರ್ಭದಲ್ಲಿ, ದೂರದ ಕಾರ್ನ್‌ವಾಲ್‌ನಿಂದ ಮಾರ್ಕೋನಿಯ ಸಂದೇಶ ಬರುವ ಮೊದಲೇ ಗ್ರಾಹಕಯಂತ್ರ ಮಾರ್ಕೋನಿಯನ್ನು ಮೂದಲಿಸುವ ಸಾಲುಗಳನ್ನು ಬರೆಯತೊಡಗಿತು. ಅವನ್ನು ಕಳುಹಿಸಿದವನು ವೃತ್ತಿಯಿಂದ ಜಾದೂಗಾರನಾಗಿದ್ದ ನೆವಿಲ್ ಮ್ಯಾಸ್ಕೆಲೈನ್. ಅದಕ್ಕೂ ಮುಂಚೆ ಕಾರ್ನ್‌ವಾಲ್‌ನಲ್ಲಿ ಎತ್ತರದ ಕಂಬ ನೆಟ್ಟು ಮಾರ್ಕೋನಿಯ ಸಂದೇಶಗಳನ್ನು ಆತ ಕದ್ದು ಕೇಳಿದ್ದನು.

ಸಂಕೇತಗಳು ತಲುಪುವ ದೂರ

ಮನೆಬಳಕೆಯ ವೈ-ಫೈ ರೂಟರಿನ ವ್ಯಾಪ್ತಿ ಒಳಾಂಗಣದಲ್ಲಿ ಕೆಲವು ಹತ್ತು ಮೀಟರುಗಳು ಮಾತ್ರ. ಆದರೆ ಇದು ಜಾಲವನ್ನು ಬಳಸಬಹುದಾದ ದೂರವೇ ಹೊರತು ಅದನ್ನು ಆಲಿಸಬಹುದಾದ ದೂರವಲ್ಲ. ಬಳಕೆಗೆ ಎರಡು ಕಡೆಯ ಮಾತುಕತೆ ನಡೆಯಬೇಕು. ದೂರವಾಣಿಯ ಕ್ಷೀಣ ಸಂಕೇತವೂ ರೂಟರನ್ನು ಮುಟ್ಟಬೇಕು. ಕದ್ದಾಲಿಸುವವನಾದರೋ ಏನನ್ನೂ ಪ್ರಸಾರ ಮಾಡಬೇಕಿಲ್ಲ. ಆದ್ದರಿಂದಲೇ ಅವನ ಇರವನ್ನು ಪತ್ತೆಹಚ್ಚುವುದೂ ಕಠಿಣ.

ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದರೆ ತರಂಗದ ಬಲ ನಾಲ್ಕನೇ ಒಂದು ಭಾಗಕ್ಕೂ, ಹತ್ತು ಮಡಿಯಾದರೆ ನೂರನೇ ಒಂದು ಭಾಗಕ್ಕೂ ಇಳಿಯುತ್ತದೆ. ಈ ನಷ್ಟವನ್ನು ಆಂಟೆನಾ ತುಂಬಿಕೊಡಬಲ್ಲದು. ಒಂದು ಮೀಟರ್ ಅಗಲದ ತಟ್ಟೆಯಾಕಾರದ ಆಂಟೆನಾ 2.4 ಗಿಗಾಹರ್ಟ್ಸ್ ತರಂಗವನ್ನು ಲ್ಯಾಪ್‌ಟಾಪಿನ ಪುಟ್ಟ ಆಂಟೆನಾಕ್ಕಿಂತ ನೂರು ಪಟ್ಟಿಗೂ ಮೀರಿದ ಬಲದಲ್ಲಿ ಗ್ರಹಿಸುತ್ತದೆ. ಎಂದರೆ ಎದುರಿಗೆ ಅಡೆತಡೆ ಇಲ್ಲದಿದ್ದಲ್ಲಿ ಹತ್ತು ಪಟ್ಟು ದೂರದಿಂದಲೂ ಆಲಿಸಬಹುದು. ಕಾಂಕ್ರೀಟು ಗೋಡೆ, ಮರಗಳು, ಗುಡ್ಡಗಳು ಈ ದೂರವನ್ನು ಬಹಳ ತಗ್ಗಿಸುತ್ತವೆ. 5 ಗಿಗಾಹರ್ಟ್ಸ್ ತರಂಗಗಳು ಗೋಡೆಗಳಲ್ಲಿ ಇನ್ನೂ ಬೇಗ ಕುಂದುತ್ತವೆ.

2007ರಲ್ಲಿ ಎರ್ಮಾನೊ ಪಿಯೆತ್ರೊಸೆಮೊಲಿ ವೆನೆಜುವೆಲಾದ ಎರಡು ಪರ್ವತಶಿಖರಗಳ ನಡುವೆ 382 ಕಿಲೋಮೀಟರ್ ಉದ್ದದ ವೈ-ಫೈ ಸಂಪರ್ಕವನ್ನು ಸಾಧಿಸಿದರು. ಅಲ್ಲಿ ಎರಡೂ ತುದಿಗಳಲ್ಲಿ ದೊಡ್ಡ ಆಂಟೆನಾಗಳಿದ್ದವು, ನಡುವೆ ಅಡ್ಡಿಯಿರಲಿಲ್ಲ. ಮನೆಯ ರೂಟರನ್ನು ಅಷ್ಟು ದೂರದಿಂದ ಕೇಳಬಹುದೆಂದು ಇದರಿಂದ ತಿಳಿಯಬಾರದು. ಆದರೆ ‘ನಮ್ಮ ಸಿಗ್ನಲ್ ಹಿತ್ತಿಲಿಗೇ ಬರುವುದಿಲ್ಲ’ ಎಂಬ ಸಮಾಧಾನಕ್ಕೂ ಆಧಾರವಿಲ್ಲ.

ಗೂಢಲಿಪೀಕರಣ

1997ರ ಐಇಇಇ 802.11 ಮಾನಕದೊಂದಿಗೆ ಬಂದ ಡಬ್ಲ್ಯೂಇಪಿ ಮೊದಲ ರಕ್ಷಣಾಕ್ರಮ. ತಂತಿಯ ಜಾಲಕ್ಕೆ ಸಮನಾದ ಗೋಪ್ಯತೆ ಎಂಬುದು ಅದರ ಹೆಸರಿನ ಅರ್ಥ. ಹೆಸರಿಗೆ ತಕ್ಕ ಗುಣ ಅದಕ್ಕಿರಲಿಲ್ಲ. ಪ್ರತಿ ಪೊಟ್ಟಣಕ್ಕೂ ಬದಲಾಗಬೇಕಿದ್ದ ಸಂಖ್ಯೆಗೆ ಕೇವಲ 24 ಬಿಟ್‌ಗಳಿದ್ದುದರಿಂದ ದಟ್ಟ ಬಳಕೆಯ ಜಾಲದಲ್ಲಿ ಅದು ಬೇಗನೆ ಮರುಕಳಿಸುತ್ತಿತ್ತು. 2001ರಲ್ಲಿ ಫ್ಲೂರರ್, ಮ್ಯಾಂಟಿನ್ ಮತ್ತು ಶಮೀರ್ ಅದರ ಕೀಲಿಯನ್ನು ಕಂಡುಹಿಡಿಯಲು ಹಾದಿಮಾಡಿಕೊಡುವ ದೋಷವನ್ನು ಪ್ರಕಟಿಸಿದರು. ಆ ನಂತರವೂ ಅನೇಕರು ಅದನ್ನೇ ನೆಚ್ಚಿಕೊಂಡಿದ್ದರು. ಅಮೆರಿಕದ ಟಿಜೆಎಕ್ಸ್ ಎಂಬ ಮಾರಾಟ ಸಂಸ್ಥೆಯಿಂದ 4.5 ಕೋಟಿಗೂ ಹೆಚ್ಚು ಕಾರ್ಡುಗಳ ವಿವರ ಕಳವಾದ ಸಂಗತಿ 2007ರಲ್ಲಿ ಬಯಲಾಯಿತು. ಅಂಗಡಿಯ ದುರ್ಬಲ ನಿಸ್ತಂತು ಜಾಲವೇ ಕಳ್ಳರಿಗೆ ಬಾಗಿಲಾಗಿತ್ತು.

ಡಬ್ಲ್ಯೂಪಿಎ (2003) ತಾತ್ಕಾಲಿಕ ಪರಿಹಾರವಾಗಿ ಬಂದಿತು. 2004ರ ಡಬ್ಲ್ಯೂಪಿಎ2 ಬಹುಕಾಲ ಬಾಳಿತು. ಬೆಲ್ಜಿಯಂನ ಸಂಶೋಧಕ ಮ್ಯಾಥಿ ವಾನ್‌ಹೂಫ್ 2017ರಲ್ಲಿ ತೋರಿಸಿದ ‘ಕ್ರ್ಯಾಕ್’ ದೋಷವನ್ನು ತಂತ್ರಾಂಶದ ನವೀಕರಣದಿಂದ ಸರಿಪಡಿಸಬಹುದಾಗಿತ್ತಾದರೂ, ನವೀಕರಣವೇ ದೊರೆಯದ ಹಳೆಯ ಸಾಧನಗಳು ಹಾಗೆಯೇ ಉಳಿದವು. ಡಬ್ಲ್ಯೂಪಿಎ2 ಜಾಲದಲ್ಲಿ ಸಂಪರ್ಕ ಏರ್ಪಡುವ ಕ್ಷಣದ ವಿನಿಮಯವನ್ನು ದೂರದಿಂದ ಸೆರೆಹಿಡಿದು, ಬಿಡುವಾಗಿ ಕುಳಿತು ಪಾಸ್‌ವರ್ಡನ್ನು ಊಹಿಸುತ್ತ ಹೋಗಬಹುದು. ಆದ್ದರಿಂದ ಮಗುವಿನ ಹೆಸರು, ದೂರವಾಣಿ ಸಂಖ್ಯೆಗಳಂತಹ ಪಾಸ್‌ವರ್ಡುಗಳು ಹೆಚ್ಚು ಹೊತ್ತು ನಿಲ್ಲವು. 2018ರ ಡಬ್ಲ್ಯೂಪಿಎ3 ಈ ಬಗೆಯ ಊಹೆಗೆ ತಡೆಯೊಡ್ಡುವಂತೆ ರಚಿತವಾಗಿದೆ.

ಜಾಲದ ಹೆಸರನ್ನು ಮರೆಮಾಡುವುದು, ಗೊತ್ತುಪಡಿಸಿದ ಸಾಧನಗಳ ಮ್ಯಾಕ್ ವಿಳಾಸಗಳಿಗೆ ಮಾತ್ರ ಪ್ರವೇಶ ನೀಡುವುದು ಜನಪ್ರಿಯ ಉಪಾಯಗಳಾದರೂ ಹೆಚ್ಚು ಪ್ರಯೋಜನವಿಲ್ಲ. ಗೂಢಲಿಪಿ ಬಳಸಿದಾಗಲೂ ಮ್ಯಾಕ್ ವಿಳಾಸಗಳು ಬಹಿರಂಗವಾಗಿಯೇ ಸಾಗುವುದರಿಂದ ಅವನ್ನು ನಕಲು ಮಾಡುವುದು ಸುಲಭ.

ಭಾರತದಲ್ಲಿ

2008ರ ಜುಲೈ 26ರ ಅಹಮದಾಬಾದ್ ಸರಣಿ ಸ್ಫೋಟಗಳಿಗೆ ಸಂಬಂಧಿಸಿದ ಬೆದರಿಕೆಯ ಇ-ಮೇಲ್ ನವಿ ಮುಂಬೈಯ ಮನೆಯೊಂದರ ರಕ್ಷಣೆಯಿಲ್ಲದ ವೈ-ಫೈ ಮೂಲಕ ಹೋಗಿತ್ತು. ಕಳುಹಿಸಿದವರು ಯಾರೋ, ಮೊದಲು ವಿಚಾರಣೆಗೆ ಒಳಗಾದವರು ಆ ಮನೆಯ ನಿವಾಸಿ. ಮುಂದಿನ ವರ್ಷ ದೂರಸಂಪರ್ಕ ಇಲಾಖೆ ವೈ-ಫೈ ಸಂಪರ್ಕಗಳ ಭದ್ರತೆಯ ಬಗ್ಗೆ ಸೇವಾದಾತರಿಗೆ ಸೂಚನೆಗಳನ್ನು ನೀಡಿತು. ಅನ್ಯರ ಜಾಲಕ್ಕೆ ಅನುಮತಿಯಿಲ್ಲದೆ ವಂಚನೆಯ ಉದ್ದೇಶದಿಂದ ಪ್ರವೇಶಿಸುವುದು ಮಾಹಿತಿ ತಂತ್ರಜ್ಞಾನ ಕಾಯಿದೆ, 2000ರ 66ನೇ ವಿಧಿಯ ಪ್ರಕಾರ ಅಪರಾಧ. ಮೂರು ವರ್ಷಗಳವರೆಗಿನ ಸೆರೆವಾಸ, ಐದು ಲಕ್ಷ ರೂಪಾಯಿಗಳವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು.