ಸೇತುವೆಯೇ ಇಲ್ಲದ ಸ್ಟರ್ಲಿಂಗ್

ದೆಹಲಿಯ ನಮ್ಮ ಸರಕಾರಿ ವಸತಿಗೃಹದಲ್ಲಿ ಶನಿವಾರ ರಾತ್ರಿ ಊಟವಾದ ಮೇಲೆ ಕತ್ತಿ ಗುರಾಣಿಗಳ ಸದ್ದು ಕೇಳಿಸುವುದು ರೂಢಿ. ಹನ್ನೆರಡನೆಯ ತರಗತಿಯ ಮಗನೂ ನಾನೂ ತಕರಾರಿಲ್ಲದೆ ಒಟ್ಟಿಗೆ ಕುಳಿತು ನೋಡಬಲ್ಲ ಚಿತ್ರಗಳೆಂದರೆ ಇವೇ: ರೋಮಿನವು, ಗ್ರೀಸಿನವು, ಜಪಾನಿನವು. ನಾನು ಚಿತ್ರ ವಿಮರ್ಶಕನಲ್ಲ, ಇತಿಹಾಸಕಾರನಂತೂ ಅಲ್ಲವೇ ಅಲ್ಲ. ವಾರವಿಡೀ ಕಡತಗಳ ನಡುವೆ ಕಳೆದವನಿಗೆ ಕುದುರೆಗಳು ಓಡುವುದನ್ನು ಕಂಡರೆ ಸಮಾಧಾನವಾಗುತ್ತದೆ, ಅಷ್ಟೆ. ಕಳೆದ ತಿಂಗಳು ‘ಬ್ರೇವ್‌ಹಾರ್ಟ್’ ಮುಗಿದಾಗ ಮಗ ಕೇಳಿದ: “ಅಪ್ಪಾ, ಇದೆಲ್ಲ ನಿಜವಾಗಿ ನಡೆದದ್ದಾ?” ಅಂಥ ಪ್ರಶ್ನೆಗೆ ಹೌದು ಎಂದರೂ ತಪ್ಪು, ಇಲ್ಲ ಎಂದರೂ ತಪ್ಪು.

1995ರ ಈ ಚಿತ್ರವನ್ನು ನಾನು ಮೊದಲು ನೋಡಿದ್ದು ಇಂಗ್ಲಿಷ್ ಎಂ.ಎ. ಓದುವಾಗ, ಹಾಸ್ಟೆಲಿನ ಕೋಣೆಯೊಂದರಲ್ಲಿ, ಬಾಡಿಗೆಗೆ ತಂದ ಸಿ.ಡಿ.ಯಲ್ಲಿ. ಅಂದು ಹತ್ತು ಹನ್ನೆರಡು ಮಂದಿ ಉಸಿರು ಬಿಗಿಹಿಡಿದು ಕುಳಿತಿದ್ದೆವು. ವಿಲಿಯಂ ವಾಲೆಸ್ ಮುಖಕ್ಕೆ ನೀಲಿ ಬಳಿದುಕೊಂಡು ಸ್ವಾತಂತ್ರ್ಯದ ಮಾತಾಡಿದಾಗ ನಮ್ಮ ಕಣ್ಣುಗಳೂ ಒದ್ದೆಯಾಗಿದ್ದವು. ಆ ನೀಲಿ ಬಣ್ಣ ಅವನ ಕಾಲಕ್ಕಿಂತ ಸಾವಿರ ವರ್ಷ ಹಿಂದಿನವರದೆಂದೂ, ಅವನ ಸೊಂಟದ ಮೇಲಿನ ಚೌಕಳಿ ಬಟ್ಟೆ ಅವನ ಕಾಲಕ್ಕಿಂತ ಸುಮಾರು ಮುನ್ನೂರು ವರ್ಷ ಮುಂದಿನದೆಂದೂ ತಿಳಿದದ್ದು ಬಹಳ ತಡವಾಗಿ. ಇಂಥ ತಪ್ಪುಗಳ ಬಗ್ಗೆ ನನಗೆ ದೊಡ್ಡ ದೂರಿಲ್ಲ. ಉಡುಗೆ ತೊಡುಗೆಯಲ್ಲಿ ತಪ್ಪು ಹುಡುಕುವುದು ಸುಲಭದ ಪಾಂಡಿತ್ಯ.

ನನ್ನ ದೂರು ಸೇತುವೆಯದು. 1297ರ ಸೆಪ್ಟೆಂಬರ್ 11ರಂದು ನಡೆದ ಕಾಳಗಕ್ಕೆ ಸ್ಟರ್ಲಿಂಗ್ ಸೇತುವೆಯ ಕಾಳಗವೆಂದೇ ಹೆಸರು. ಚಿತ್ರದಲ್ಲಿ ಅದು ಬಯಲಿನಲ್ಲಿ ನಡೆಯುತ್ತದೆ. ಸೇತುವೆಯ ಒಂದು ಹಲಗೆಯೂ ಕಾಣುವುದಿಲ್ಲ. ಸೇತುವೆ ತೆಗೆದರೆ ಉಳಿಯುವುದು ಶೌರ್ಯ ಮಾತ್ರ. ಆದರೆ ಆ ದಿನ ಸ್ಕಾಟರು ಗೆದ್ದದ್ದು ಶೌರ್ಯದಷ್ಟೇ ತಾಳ್ಮೆಯಿಂದ.

ಫೋರ್ತ್ ನದಿಯ ಮೇಲಿದ್ದದ್ದು ಮರದ ಇಕ್ಕಟ್ಟು ಸೇತುವೆ. ಇಬ್ಬರು ಕುದುರೆ ಸವಾರರು ಮಾತ್ರ ಜೊತೆಯಾಗಿ ದಾಟಬಹುದಿತ್ತು. ಆಚೆ ದಡದ ಗುಡ್ಡದಲ್ಲಿ ವಾಲೆಸ್ ಮತ್ತು ಆಂಡ್ರೂ ಮರೇ ಕಾಯುತ್ತಿದ್ದರು. ಇಂಗ್ಲಿಷ್ ಪಾಳಯದಲ್ಲಿದ್ದ ರಿಚರ್ಡ್ ಲಂಡಿ ಎಂಬ ಸ್ಕಾಟ್ ಯೋಧ, ಹತ್ತಿರದಲ್ಲೇ ಅರವತ್ತು ಮಂದಿ ಒಮ್ಮೆಗೇ ದಾಟಬಹುದಾದ ಹಾಯ್ಗಡವಿದೆ, ತನಗೆ ಒಂದಿಷ್ಟು ಸೈನ್ಯ ಕೊಟ್ಟರೆ ಹಿಂದಿನಿಂದ ಹೋಗುವೆನೆಂದ. ಯಾರೂ ಕಿವಿಗೊಡಲಿಲ್ಲ. ಸ್ಕಾಟ್ಲೆಂಡಿನ ಆಡಳಿತದ ಖಜಾಂಚಿಯಾಗಿದ್ದ ಹ್ಯೂ ಕ್ರೆಸಿಂಗ್‌ಹ್ಯಾಮ್ ಅದಕ್ಕೂ ಮೊದಲೇ, ಇರುವ ಸೈನ್ಯ ಸಾಕು, ವೃಥಾ ಖರ್ಚೇಕೆ ಎಂದು ಬರುತ್ತಿದ್ದ ಹೆಚ್ಚುವರಿ ಪಡೆಯನ್ನು ಹಿಂದಕ್ಕೆ ಕಳುಹಿಸಿದ್ದನೆಂದು ಆ ಕಾಲದ ಚರಿತ್ರೆಕಾರ ಗಿಸ್ಬರೋದ ವಾಲ್ಟರ್ ಬರೆಯುತ್ತಾನೆ. ಆ ಬೆಳಿಗ್ಗೆಯೂ ಅವನ ವಾದ ಅದೇ: ತಡ ಮಾಡಿದಷ್ಟೂ ದೊರೆಯ ಹಣ ಪೋಲು. ಮಿತವ್ಯಯದ ಸುತ್ತೋಲೆಗಳನ್ನು ಇಪ್ಪತ್ತು ವರ್ಷಗಳಿಂದ ಓದುತ್ತ ಬಂದ ನನಗೆ ಈ ಮನುಷ್ಯ ಬಹಳ ಪರಿಚಿತನೆನಿಸಿದ. ಸೈನ್ಯ ಸಾಲಾಗಿ ದಾಟತೊಡಗಿತು. ಅರ್ಧದಷ್ಟೂ ದಾಟುವ ಮೊದಲೇ ಸ್ಕಾಟರು ಗುಡ್ಡವಿಳಿದು ಸೇತುವೆಯ ಬಾಯಿಯನ್ನು ಕಟ್ಟಿದರು. ಆಚೆ ಹೋದವರು ಹಿಂದಿರುಗಲಾರರು, ಈಚೆ ಉಳಿದವರು ನೆರವಿಗೆ ಹೋಗಲಾರರು. ಸೇನಾಧಿಪತಿ ಸರ್ರೆಯ ಅರ್ಲ್ ಈಚೆ ದಡದಲ್ಲೇ ಇದ್ದು ನೋಡಿ ಬೆರಿಕ್‌ನತ್ತ ಓಡಿದ. ಖಜಾಂಚಿ ಸತ್ತ, ಅವನ ಚರ್ಮವನ್ನು ಸುಲಿದರೆಂದು ಇಂಗ್ಲಿಷ್ ಚರಿತ್ರೆಗಳು ಹೇಳುತ್ತವೆ.

ಇಷ್ಟು ನಾಟಕವನ್ನು ಯಾವ ಚಿತ್ರಕತೆಗಾರ ತಾನೇ ಬಿಟ್ಟಾನು? ಬಿಟ್ಟರು. ಚಿತ್ರೀಕರಣಕ್ಕೆ ಸೇತುವೆ ಅಡ್ಡಿಯಾಯಿತೆಂದು ನಿರ್ದೇಶಕ ಹೇಳಿದಾಗ, ಇಂಗ್ಲಿಷರಿಗೂ ಅದೇ ತೊಂದರೆಯಾಗಿತ್ತು ಎಂದು ಸ್ಥಳೀಯನೊಬ್ಬ ಉತ್ತರಿಸಿದನೆಂಬ ಕತೆಯೊಂದು ಪ್ರಚಾರದಲ್ಲಿದೆ. ಕತೆ ನಿಜವಿರಲಿ ಇಲ್ಲದಿರಲಿ, ಇದಕ್ಕಿಂತ ಚೊಕ್ಕ ವಿಮರ್ಶೆಯನ್ನು ನಾನು ಓದಿಲ್ಲ.

ಸೇತುವೆಯ ಜೊತೆಗೆ ಆಂಡ್ರೂ ಮರೇ ಕೂಡ ಹೋದ. ಉತ್ತರದಲ್ಲಿ ತಾನೇ ದಂಗೆ ಎಬ್ಬಿಸಿ ವಾಲೆಸನನ್ನು ಕೂಡಿಕೊಂಡಿದ್ದ ಈ ತರುಣ, ಸ್ಟರ್ಲಿಂಗ್‌ನಲ್ಲಿ ತಗುಲಿದ ಗಾಯದಿಂದಲೇ ಸತ್ತನೆಂದು ಬಹುಮಟ್ಟಿಗೆ ನಂಬಲಾಗಿದೆ. ಕಾಳಗವಾದ ಒಂದು ತಿಂಗಳಿಗೆ, ಅಕ್ಟೋಬರ್ 11ರಂದು, ಇಬ್ಬರ ಹೆಸರಿನಲ್ಲಿ ಜರ್ಮನಿಯ ಲ್ಯೂಬೆಕ್ ಮತ್ತು ಹ್ಯಾಂಬರ್ಗ್ ವರ್ತಕರಿಗೆ ಲ್ಯಾಟಿನ್ನಿನಲ್ಲಿ ಪತ್ರವೊಂದು ಹೋಯಿತು. ಸ್ಕಾಟ್ಲೆಂಡ್ ಇಂಗ್ಲಿಷರ ಕೈಯಿಂದ ಬಿಡುಗಡೆ ಹೊಂದಿದೆ, ನಮ್ಮ ಬಂದರುಗಳಿಗೆ ನಿಮ್ಮ ಸರಕು ನಿರ್ಭಯವಾಗಿ ಬರಲಿ ಎಂಬುದು ಅದರ ಸಾರ. ಪತ್ರದಲ್ಲಿ ಮೊದಲ ಹೆಸರು ಮರೇಯದು, ಎರಡನೆಯದು ವಾಲೆಸನದು. ಚಿತ್ರದ ಎಲ್ಲ ಭಾಷಣಗಳಿಗಿಂತ ಈ ಪತ್ರ ನನ್ನನ್ನು ಹೆಚ್ಚು ಅಲುಗಾಡಿಸಿತು. ಗೆದ್ದವರು ಮರುದಿನದ ವ್ಯಾಪಾರವನ್ನು ಚಿಂತಿಸುತ್ತಾರೆ, ಕಾಗದ ಬರೆಯುತ್ತಾರೆ. ಅದಕ್ಕೆ ಹಿನ್ನೆಲೆ ಸಂಗೀತ ಹಾಕುವುದು ಕಷ್ಟ.

ಬೇರೆ ಚಿತ್ರಗಳ ಗತಿಯೂ ಹೆಚ್ಚು ಭಿನ್ನವಲ್ಲ. ‘ಗ್ಲೇಡಿಯೇಟರ್’ನಲ್ಲಿ ಕಮೋಡಸ್ ತಂದೆಯನ್ನು ಕೊಂದು ಪಟ್ಟವೇರುತ್ತಾನೆ, ಚರಿತ್ರೆಯಲ್ಲಿ ಅವನು ತಂದೆ ಬದುಕಿದ್ದಾಗಲೇ, 177ರಿಂದ, ಸಹಚಕ್ರವರ್ತಿ. ‘300’ರಲ್ಲಿ ಪರ್ಷಿಯದವರು ಮನುಷ್ಯರಾಗಿಯೇ ಉಳಿದಿಲ್ಲ, ಸ್ಪಾರ್ಟದವರೊಡನೆ ಕೊನೆಯವರೆಗೆ ನಿಂತು ಮಡಿದ ಥೆಸ್ಪಿಯದ ಏಳುನೂರು ಮಂದಿಗೆ ಅದರಲ್ಲಿ ಜಾಗವೇ ಇಲ್ಲ. ಆ ಚಿತ್ರವನ್ನು ನಾನು ಎರಡನೆಯ ಸಲ ನೋಡಲಾರೆ. ‘ಗ್ಲೇಡಿಯೇಟರ್’ ಮಾತ್ರ, ಸುಳ್ಳೆಂದು ತಿಳಿದೂ, ಐದಾರು ಸಲ ನೋಡಿದ್ದೇನೆ.

ಹಾಗೆಂದು ‘ಬ್ರೇವ್‌ಹಾರ್ಟ್’ ಬರಿಯ ಸುಳ್ಳೆಂದು ತಳ್ಳಿಹಾಕಲೂ ಆಗದು. ಸ್ಕಾಟ್ಲೆಂಡಿಗೆ ತನ್ನದೇ ಸಂಸತ್ತು ಬೇಕೇ ಎಂದು ಜನಮತ ಕೇಳಿದ್ದು 1997ರ ಸೆಪ್ಟೆಂಬರ್ 11ರಂದು, ಸೇತುವೆಯ ಕಾಳಗಕ್ಕೆ ಸರಿಯಾಗಿ ಏಳುನೂರು ವರ್ಷ ತುಂಬಿದ ದಿನ. ಜನ ಹೌದೆಂದರು. ಚಿತ್ರವೇ ಅದನ್ನು ಮಾಡಿಸಿತೆಂದರೆ ಅತಿಯಾದೀತು. ಆದರೆ ಅದರ ಪ್ರತಿಧ್ವನಿ ಆ ದಿನಗಳ ರಾಜಕಾರಣದಲ್ಲಿತ್ತು. ಅದೇ ಸುಮಾರಿಗೆ ವಾಲೆಸ್ ಸ್ಮಾರಕದ ಬಳಿ ನಿಲ್ಲಿಸಿದ ಪ್ರತಿಮೆಯೊಂದಕ್ಕೆ ವಾಲೆಸನ ಮುಖವಲ್ಲ, ನಟ ಮೆಲ್ ಗಿಬ್ಸನ್ನನ ಮುಖವಿತ್ತು. ಕೆಲವರು ಅದನ್ನು ಒಡೆದರು. ಕೊನೆಗೆ ಬೇಲಿ ಹಾಕಿ ಕಾಯಬೇಕಾಯಿತು. ವಾಲೆಸನ ನಿಜವಾದ ಮುಖ ಯಾರಿಗೂ ತಿಳಿಯದು.

ಇದನ್ನು ಮಗನಿಗೆ ಹೇಳಿ ನಗುತ್ತಿದ್ದವನು ನಡುವೆಯೇ ತಡೆದೆ. ನನ್ನ ಮನಸ್ಸಿನ ಮಯೂರಶರ್ಮನ ಮುಖ ಯಾರದು? 1975ರ ‘ಮಯೂರ’ದ ರಾಜಕುಮಾರರದು. ದೇವುಡು ಅವರ ಕಾದಂಬರಿಯನ್ನು ಓದಿದ್ದು ಆಮೇಲೆ. ತಾಳಗುಂದದ ಸ್ತಂಭಶಾಸನದ ಸಾರವನ್ನು ಓದಿದ್ದಂತೂ ದೆಹಲಿಗೆ ಬಂದ ನಂತರ. ವೇದಾಧ್ಯಯನಕ್ಕೆಂದು ಗುರುವಿನೊಡನೆ ಕಂಚಿಯ ಘಟಿಕೆಗೆ ಹೋದವನು ಪಲ್ಲವರ ಅಶ್ವಾರೋಹಿಯೊಡನೆ ಜಗಳವಾಗಿ ಕತ್ತಿ ಹಿಡಿದನೆಂದು ಶಾಸನ ಸಂಸ್ಕೃತದಲ್ಲಿ ಹೇಳುತ್ತದೆ. ಅದನ್ನು ಓದುವಾಗಲೂ ಕಿವಿಯಲ್ಲಿ ಕೇಳಿದ್ದು ರಾಜಕುಮಾರರ ದನಿಯೇ. ಕದಂಬರ ಹೆಸರನ್ನು ಹುಡುಗನಾಗಿದ್ದ ನನ್ನೊಳಗೆ ನೆಟ್ಟದ್ದು ಪಠ್ಯಪುಸ್ತಕವಲ್ಲ, ಆ ದನಿ. ಸ್ಕಾಟ್ಲೆಂಡಿನ ಹುಡುಗನೊಬ್ಬನನ್ನು ಯಾವ ಬಾಯಿಂದ ಗೇಲಿ ಮಾಡಲಿ?

ದೆಹಲಿಯಲ್ಲೇ ಹುಟ್ಟಿ ಬೆಳೆದ ನನ್ನ ಮಗನಿಗೆ ವಾಲೆಸ್ ಗೊತ್ತು, ಲಿಯೊನಿಡಾಸ್ ಗೊತ್ತು. ಮಯೂರಶರ್ಮ ಗೊತ್ತಿಲ್ಲ. ಬರುವ ಶನಿವಾರ ‘ಮಯೂರ’ ಹಾಕಬೇಕೆಂದಿದ್ದೇನೆ. ತಾಳಗುಂದದ ಕತೆಯನ್ನು ಚಿತ್ರಕ್ಕೆ ಮೊದಲೇ ಹೇಳುವುದೋ, ಅವನು ‘ಇದು ನಿಜವಾಗಿ ನಡೆದದ್ದಾ’ ಎಂದು ಕೇಳುವವರೆಗೆ ಕಾಯುವುದೋ, ಇನ್ನೂ ನಿರ್ಧರಿಸಿಲ್ಲ.