ಹುಣಸೆ ಸೀಮೆಯ ಹಿತ್ತಾಳೆ

ತುಮಕೂರು ಜಿಲ್ಲೆಯ ಉತ್ತರಕ್ಕೆ ಹಬ್ಬಿರುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಬಯಲುಸೀಮೆಯಲ್ಲಿ ಕಬ್ಬಿಣವು ನೆಲದಿಂದಲೇ ಹುಟ್ಟಿದ ಲೋಹವಾದರೆ, ಹಿತ್ತಾಳೆಯು ಹೊರಗಿನಿಂದ ಬಂದು ಮನೆ ಸೇರಿದ ಲೋಹ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಧುಗಿರಿ ಮತ್ತು ಚನ್ನರಾಯನದುರ್ಗದ ಆಸುಪಾಸಿನಲ್ಲಿ ಹಳ್ಳಗಳು ಹೊತ್ತು ತರುವ ಕಪ್ಪು ಮರಳಿನಿಂದ ಕಬ್ಬಿಣ ತೆಗೆದು ಉಕ್ಕು ಮಾಡುತ್ತಿದ್ದುದನ್ನು ದಾಖಲಿಸಿದ್ದಾನೆ. ತಾಮ್ರದ ಅದಿರಿಗಾದರೋ ಚಿತ್ರದುರ್ಗದ ಇಂಗಳದಾಳಿನವರೆಗೆ ಹೋಗಬೇಕು. ಸತುವು, ತವರಗಳಂತೂ ಇನ್ನೂ ದೂರದ ಸರಕು. ಆದ್ದರಿಂದಲೇ ತೂತುಬಿದ್ದ ಬಿಂದಿಗೆಯನ್ನೂ ಯಾರೂ ಎಸೆಯುತ್ತಿರಲಿಲ್ಲ. ಅದು ತೂಕಕ್ಕೆ ಮಾರಾಟವಾಗಿ, ಕರಗಿ, ಮತ್ತೊಂದು ಪಾತ್ರೆಯಾಗುತ್ತಿತ್ತು.

ತಾಮ್ರಕ್ಕೆ ಸತುವು ಕೂಡಿದರೆ ಹಿತ್ತಾಳೆ, ತವರ ಕೂಡಿದರೆ ಕಂಚು. ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಸತುವು 907 ಡಿಗ್ರಿಯಲ್ಲೇ ಆವಿಯಾಗುತ್ತದೆ. ಈ ತೊಡಕನ್ನು ದಾಟಲು ಹಿಂದಿನವರು ಸತುವಿನ ಅದಿರು, ಇದ್ದಿಲು, ತಾಮ್ರಗಳನ್ನು ಮುಚ್ಚಿದ ಮೂಸೆಯಲ್ಲಿಟ್ಟು ಕಾಯಿಸಿ, ಹುಟ್ಟಿದ ಆವಿಯನ್ನು ತಾಮ್ರವೇ ಹೀರಿಕೊಳ್ಳುವಂತೆ ಮಾಡಿದರು. ಹಿತ್ತಾಳೆ ಸುತ್ತಿಗೆಗೆ ಬಗ್ಗುತ್ತದೆ, ಬಡಿದಷ್ಟೂ ಗಡುಸಾಗುತ್ತದೆ, ಮತ್ತೆ ಕಾಯಿಸಿದರೆ ಮೆದುವಾಗುತ್ತದೆ. ಐದರಲ್ಲಿ ಒಂದು ಪಾಲಿನಷ್ಟು ತವರವಿರುವ ಗಂಟೆಯ ಕಂಚು ಹಾಗಲ್ಲ: ಅದರ ನಾದ ದೀರ್ಘ, ಆದರೆ ಕಲ್ಲಿನ ಮೇಲೆ ಬಿದ್ದರೆ ಸೀಳುತ್ತದೆ. ಈ ಎರಡು ಸ್ವಭಾವಗಳಿಗೆ ತಕ್ಕಂತೆಯೇ ಹಂಡೆ, ಕೊಳಗ, ಚೊಂಬುಗಳು ಹಿತ್ತಾಳೆಯ ಪಾಲಿಗೂ, ಗುಡಿಯ ಗಂಟೆ, ಜಾಗಟೆ, ತಾಳಗಳು ಕಂಚಿನ ಪಾಲಿಗೂ ಬಂದವು. ಕನ್ನಡ ನಾಡಿನಲ್ಲಿ ಈ ಕಸುಬು ಪಾಂಚಾಳರಲ್ಲಿ ಒಬ್ಬರಾದ ಕಂಚುಗಾರರದು ಮತ್ತು ಜೈನರಾದ ಬೋಗಾರರದು.

ಈ ಸೀಮೆಯ ಅಡುಗೆಗೂ ಹಿತ್ತಾಳೆಗೂ ನಡುವೆ ನಿಂತದ್ದು ಹುಣಸೆ. ಒಣಭೂಮಿಯ ಬದುಗಳಲ್ಲಿ ಬೆಳೆಯುವ ಈ ಮರದ ಹಣ್ಣಿಲ್ಲದೆ ಇಲ್ಲಿನ ಸಾರಿಲ್ಲ. ಆ ಹುಳಿಯಾದರೋ ತಾಮ್ರವನ್ನು ಕರಗಿಸಿ ಸಾರನ್ನು ಕಿಲುಬು ಮಾಡುತ್ತದೆ. ಇದಕ್ಕೆ ಪರಿಹಾರವೇ ಕಲಾಯಿ, ಅಂದರೆ ಪಾತ್ರೆಯ ಒಳಮೈಗೆ ತವರದ ತೆಳುಪದರ ಹಚ್ಚುವ ಕೆಲಸ. ಕಲಾಯಿಯವನು ನೆಲದಲ್ಲಿ ಗುಂಡಿ ತೋಡಿ, ತಿದಿಯೊತ್ತಿ, ಪಾತ್ರೆ ಕಾದಾಗ ನವಸಾಗರ ಉದುರಿಸುತ್ತಾನೆ. ಬಿಳಿಹೊಗೆ ಏಳುತ್ತಿದ್ದಂತೆ ತವರದ ಕಡ್ಡಿಯನ್ನು ಮುಟ್ಟಿಸಿ, ಕರಗಿದ ಹನಿಯನ್ನು ಹತ್ತಿಯ ಉಂಡೆಯಿಂದ ಒಂದೇ ಸುತ್ತಿನಲ್ಲಿ ಎಳೆದನೆಂದರೆ ಹಳದಿಯ ತಳ ಬೆಳ್ಳಿಯಂತಾಗುತ್ತದೆ. 232 ಡಿಗ್ರಿಯಲ್ಲೇ ಕರಗುವ ತವರಕ್ಕೆ ಬೆಂಕಿ ಹೆಚ್ಚಾದರೆ ಪದರ ಸುಟ್ಟುಹೋಗುವುದರಿಂದ, ಈ ಕೈಚಳಕವನ್ನು ಕೀಳು ಕೆಲಸವೆಂದು ಎಣಿಸಿದವರು ಅದನ್ನು ಸರಿಯಾಗಿ ನೋಡಿರಲಿಲ್ಲವೆಂದೇ ಹೇಳಬೇಕು.

ಕಳೆದ ಶತಮಾನದ ಉತ್ತರಾರ್ಧದಲ್ಲಿ ಸ್ಟೀಲ್ ಪಾತ್ರೆಗಳು ಬಂದ ಮೇಲೆ ಹಿತ್ತಾಳೆ ಅಡುಗೆಮನೆಯಿಂದ ಹಿಂದೆ ಸರಿದು, ದೇವರಮನೆಯ ದೀಪಗಳಲ್ಲಿಯೂ ಎತ್ತುಗಳ ಕೊಂಬಣಸುಗಳಲ್ಲಿಯೂ ಉಳಿದುಕೊಂಡಿತು. ಸಾರನ್ನು ಕಿಲುಬು ಮಾಡುತ್ತಿದ್ದ ಅದೇ ಹುಳಿ ಕಪ್ಪಿಟ್ಟ ಹಿತ್ತಾಳೆಯ ಕಿಲುಬನ್ನೂ ಕರಗಿಸುವುದರಿಂದ, ಹಬ್ಬದ ಹಿಂದಿನ ದಿನ ಬಚ್ಚಲ ಕಲ್ಲಿನ ಮೇಲೆ ದೀಪದ ಕಂಬಗಳನ್ನು ಇಂದಿಗೂ ಹಿಂಡಿದ ಹುಣಸೆಹಣ್ಣಿನ ಸಿಪ್ಪೆಯಿಂದಲೇ ತಿಕ್ಕುತ್ತಾರೆ.