ಒಂದೇ ತೊಟ್ಟಿಯಲ್ಲಿ ಎರಡು ತಲೆಮಾರು: ಸಾಕು ಬಸವನಹುಳುಗಳ ಮರಿ ಪಾಲನೆ

ಆಫ್ರಿಕಾದ ದೈತ್ಯ ಬಸವನಹುಳು ಬ್ರಿಟನ್ನಿನ ಎಷ್ಟೋ ಮನೆಗಳಲ್ಲಿ, ಶಾಲೆಗಳ ತರಗತಿಗಳಲ್ಲಿ ಸಾಕುಪ್ರಾಣಿ. ಅಂಗೈ ತುಂಬುವಷ್ಟು ದೊಡ್ಡದು, ಸದ್ದಿಲ್ಲ, ಗದ್ದಲವಿಲ್ಲ. ಸೌತೆಕಾಯಿಯ ಹೋಳು, ಸೊಪ್ಪು, ತೇವದ ಮಣ್ಣು ಇದ್ದರೆ ಅದರ ಸಂಸಾರ ನಡೆಯುತ್ತದೆ. ಸಾಕುವವರಿಗೆ ಪೇಚಾಟ ಶುರುವಾಗುವುದು ಮಣ್ಣಿನಡಿ ಸಬ್ಬಕ್ಕಿ ಸುರಿದಂತೆ ಮೊಟ್ಟೆಗಳು ಕಂಡಾಗ. ಮರಿಗಳನ್ನು ದೊಡ್ಡವುಗಳ ಜೊತೆಗೇ ಬಿಡಬಹುದೇ, ಅವು ತಿಂದುಬಿಟ್ಟರೆ?

ತಿನ್ನುವ ಅಪಾಯ ಇರುವುದು ನಿಜ. ಆದರೆ ಅದು ಬರುವುದು ಹೆಚ್ಚಾಗಿ ಒಡಹುಟ್ಟಿದವರಿಂದ. ಸ್ವಿಟ್ಜರ್ಲೆಂಡಿನ ಜೀವವಿಜ್ಞಾನಿ ಬ್ರೂನೊ ಬೌರ್ ಯುರೋಪಿನ ಆರಿಯಾಂಟಾ ಆರ್ಬಸ್ಟೋರಮ್ ಎಂಬ ಬಸವನಹುಳುವಿನಲ್ಲಿ ಇದನ್ನು ವಿವರವಾಗಿ ಅಭ್ಯಸಿಸಿದ್ದಾರೆ. ಮೊದಲು ಹೊರಬಂದ ಮರಿ ತನ್ನ ಮೊಟ್ಟೆಯ ಚಿಪ್ಪನ್ನು ಮೆದ್ದು, ಆಮೇಲೆ ಪಕ್ಕದಲ್ಲಿ ಇನ್ನೂ ಒಡೆಯದ ಮೊಟ್ಟೆಗಳಿಗೆ ಬಾಯಿ ಹಾಕುತ್ತದೆ. ಹಾಗೆ ತಿಂದ ಮರಿ ಬರೀ ಸೊಪ್ಪು ತಿಂದದ್ದಕ್ಕಿಂತ ಬೇಗ ಬೆಳೆಯುತ್ತದೆ. ಈ ಚಾಳಿ ಎಳೆತನದ ಮೊದಲ ದಿನಗಳಿಗಷ್ಟೇ ಸೀಮಿತ. ದೊಡ್ಡವಕ್ಕೆ ಮೊಟ್ಟೆಯ ಗೊಡವೆ ಇರುವುದಿಲ್ಲ.

ದೊಡ್ಡವುಗಳಿಂದ ಆಗುವ ಕೇಡು ಬೇರೆ ಬಗೆಯದು, ಕಣ್ಣಿಗೆ ಸುಲಭಕ್ಕೆ ಕಾಣದ್ದು. ಡಾನ್ ಮತ್ತು ಬೈಲಿ ಎಂಬ ಸಂಶೋಧಕರು 1982ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಬ್ರಿಟನ್ನಿನ ಸಾಮಾನ್ಯ ತೋಟದ ಬಸವನಹುಳುಗಳನ್ನು ಬೇರೆ ಬೇರೆ ದಟ್ಟಣೆಯಲ್ಲಿ ಸಾಕಲಾಗಿತ್ತು. ಸಂಖ್ಯೆ ಹೆಚ್ಚಿದಂತೆ ಬೆಳವಣಿಗೆ ಕುಂಠಿತವಾಯಿತು. ಇತರ ಹುಳುಗಳ ಇರವು, ಅವು ಬಿಟ್ಟುಹೋದ ಲೋಳೆ ಕೂಡ, ಓಡಾಟವನ್ನು ತಗ್ಗಿಸಿತು. ಓಡಾಡದ ಹುಳು ಮೇಯುವುದೂ ಕಡಿಮೆ. ಹೀಗಿರುವಾಗ ಸೊಪ್ಪನ್ನು ಹೆಚ್ಚು ಹಾಕಿದರೆ ಸಾಲದು. ಗಾಜನ್ನು ಒರೆಸಿ, ಲೋಳೆ ಹಿಡಿದ ಮೇಲ್ಮಣ್ಣನ್ನು ಬದಲಿಸಬೇಕು. ಜಾಗದ ಇಕ್ಕಟ್ಟು ಬೆಳವಣಿಗೆಗೆ ಅಡ್ಡಿ ಎಂದು ಇದರಿಂದ ಹೇಳಬಹುದು. ವಯಸ್ಸಿನ ಅಂತರದ ಪರಿಣಾಮವನ್ನು ಈ ಪ್ರಯೋಗಗಳಿಂದ ತೀರ್ಮಾನಿಸಲಾಗದು.

ತೊಟ್ಟಿಯೊಳಗೆ ಹತ್ತಿರದಿಂದ ನೋಡಿದರೆ ಇನ್ನೂ ಒಂದೆರಡು ಸಂಗತಿಗಳು ತಿಳಿಯುತ್ತವೆ. ಆಗತಾನೇ ಹುಟ್ಟಿದ ಮರಿಯ ಚಿಪ್ಪು ಕೆಲವೇ ಮಿಲಿಮೀಟರ್, ಬೆಳಕು ಹಾಯುವಷ್ಟು ತೆಳು, ಬೆರಳಿನಿಂದ ಎತ್ತಿದರೆ ಒಡೆದುಹೋಗುವಂಥದ್ದು. ಮೊದಲ ಕೆಲವು ದಿನ ಅದು ಮಣ್ಣಿನೊಳಗೇ ಇರುತ್ತದೆ. ಅಷ್ಟರಲ್ಲಿ ದೊಡ್ಡ ಹುಳು ಮತ್ತೆ ಮೊಟ್ಟೆಯಿಡಲು ಅದೇ ಮಣ್ಣನ್ನು ಅಗೆದರೆ ಮರಿಗಳು ಅದರ ಅಡಿಗೆ ಸಿಕ್ಕಿಬೀಳಬಹುದು. ಸುಣ್ಣದ ಅಂಶ ಸಾಲದಿದ್ದರೆ ಹುಳುಗಳು ಒಂದರ ಚಿಪ್ಪನ್ನು ಇನ್ನೊಂದು ಕೆರೆದು ತಿನ್ನುವುದುಂಟು. ಮೊಟ್ಟೆಚಿಪ್ಪಿನ ಪುಡಿಯನ್ನೋ, ಗಿಳಿಯ ಪಂಜರಕ್ಕೆ ಕಟ್ಟುವ ಕಟಲ್‌ಫಿಶ್ ಮೂಳೆಯನ್ನೋ ಯಾವಾಗಲೂ ಇಟ್ಟಿರಬೇಕು ಎನ್ನುವುದು ಇದಕ್ಕಾಗಿಯೇ.

ಹೊಟ್ಟೆಪಾಡಿಗೆ ಬಸವನಹುಳು ಸಾಕುವವರು ಮರಿಗಳನ್ನು ಬೇರೆ ಇಡುವ ವಿಷಯದಲ್ಲಿ ಅನುಮಾನ ಇಟ್ಟುಕೊಂಡಿಲ್ಲ. ಪಶ್ಚಿಮ ಆಫ್ರಿಕಾದಲ್ಲಿ ಮೊಟ್ಟೆ, ಮರಿ, ಬೆಳೆದ ಹುಳುಗಳಿಗೆ ಬೇರೆ ಬೇರೆ ಅಂಕಣಗಳಿರುವ ಪದ್ಧತಿಯನ್ನು ಕೈಪಿಡಿಗಳು ಶಿಫಾರಸು ಮಾಡುತ್ತವೆ. ಫ್ರಾನ್ಸಿನ ಸಾಕಣೆದಾರರೂ ಮರಿಗಳನ್ನು ಮೊದಲು ಬೆಚ್ಚನೆಯ ಒಳಾಂಗಣದಲ್ಲಿ ಬೆಳೆಸಿ ನಂತರ ಬಯಲಿಗೆ ಬಿಡುತ್ತಾರೆ. ಮರಿಗಳ ಗಟ್ಟಿತನ ಮಾತ್ರ ಜಾತಿಯಿಂದ ಜಾತಿಗೆ ಬೇರೆ. ಆಫ್ರಿಕಾದ ಆರ್ಕಕಟೀನಾ ಮಾರ್ಜಿನಾಟ ಎಂಬ ಬಸವನಹುಳು ಒಂದು ಸಲಕ್ಕೆ ಇಡುವುದು ಬೆರಳೆಣಿಕೆಯಷ್ಟು ದೊಡ್ಡ ಮೊಟ್ಟೆಗಳನ್ನು. ಅದರ ಮರಿ ಹುಟ್ಟುತ್ತಲೇ ಗಟ್ಟಿ. ಸಣ್ಣ ಮೊಟ್ಟೆಗಳನ್ನು ನೂರುಗಟ್ಟಲೆ ಇಡುವ ಲಿಸ್ಸಕಟೀನಾ ಫುಲಿಕಾದ, ಅಂದರೆ ಮೊದಲು ಹೇಳಿದ ದೈತ್ಯ ಬಸವನಹುಳುವಿನ, ಕಥೆಯೇ ಬೇರೆ.

ಆ ನೂರುಗಳ ಲೆಕ್ಕ ಮಯಾಮಿಗೆ ಚೆನ್ನಾಗಿ ಗೊತ್ತು. 1966ರಲ್ಲಿ ಹುಡುಗನೊಬ್ಬ ಹವಾಯಿಯಿಂದ ಮೂರು ಹುಳು ತಂದ, ಅವನ ಅಜ್ಜಿ ಅವನ್ನು ತೋಟಕ್ಕೆ ಬಿಟ್ಟರು. ಏಳು ವರ್ಷದಲ್ಲಿ ಅವು 18,000 ದಾಟಿದವು. ನಿರ್ಮೂಲನೆಗೆ ಹತ್ತು ಲಕ್ಷ ಡಾಲರಿಗೂ ಹೆಚ್ಚು ಖರ್ಚಾಯಿತು. ಭಾರತಕ್ಕೆ ಇದನ್ನು 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದವರು ವಿಲಿಯಂ ಬೆನ್ಸನ್, ಅವರೂ ಬಸವನಹುಳುಗಳ ಅಭ್ಯಾಸಿಯೇ! ಇಂದು ಕೊಡಗಿನ ಕಾಫಿ ತೋಟಗಳಲ್ಲಿ ಮಳೆಗಾಲದಲ್ಲಿ ಬೆಳೆಗಾರರನ್ನು ಕಾಡುತ್ತಿರುವುದು ಇದೇ ಹುಳು. ಇಲಿಯ ಶ್ವಾಸಕೋಶದ ಪರೋಪಜೀವಿಯನ್ನೂ ಇದು ಹೊತ್ತಿರಬಹುದು. ಹಾಗಾಗಿ ತೋಟದಿಂದ ಮರಿ ಹಿಡಿದು ತಂದು ಸಾಕುವುದು ನಮ್ಮಲ್ಲಿ ಸಲ್ಲದ ಕೆಲಸ.

ಬ್ರಿಟನ್ನಿನಲ್ಲಿ ಸಾಕುವವರು ಬೇಡದ ಮೊಟ್ಟೆಗಳನ್ನು ಕಂಡ ಕೂಡಲೇ ಫ್ರೀಜರಿನಲ್ಲಿಟ್ಟು ನಾಶಮಾಡುತ್ತಾರೆ. ಒಂಟಿಯಾಗಿಟ್ಟ ಹುಳುವೂ ಹಿಂದೊಮ್ಮೆ ಪಡೆದ ವೀರ್ಯವನ್ನು ತಿಂಗಳುಗಟ್ಟಲೆ ಒಳಗಿಟ್ಟುಕೊಂಡು ಮೊಟ್ಟೆಯಿಡಬಲ್ಲದು. ಹೀಗಾಗಿ ಜೋಡಿಯನ್ನು ಬೇರ್ಪಡಿಸಿದ ಮೇಲೂ ಮಣ್ಣು ಕೆದಕಿ ನೋಡುವ ಕೆಲಸ ತಪ್ಪುವುದಿಲ್ಲ.